ಬ್ರಹ್ಮಾವರದ ಇಗರ್ಜಿ, ಕೋಟತಟ್ಟಿನ ಕಾಲೊನಿ

ಬರಹ ಉದ್ದ ಇದೆ, ಬಿಡುವಾದಾಗ ಓದಿ.

ಡಿಸಿ ಮನ್ನಾ ಭೂಮಿಯ ಬಗ್ಗೆ ಬರೆಯುವಾಗ "ನಮ್ಮೂರಿನ ಚರ್ಚಿನವರೂ ಈ ವಿಷಯಕ್ಕೆ ಬಾಯಿ ಬಿಡಬೇಕು" ಅಂತ ಒಂದು ಸಾಲು ಹಾಕಿದ್ದೆ. ಅದಕ್ಕೆ ಎರಡು ಕಡೆಯಿಂದ ಬೈಗುಳ ಬಂತು. ಕೆಥೋಲಿಕ್ ಗೆಳೆಯರೊಬ್ಬರು, "ನಮ್ಮನ್ನು ರಾಜಕೀಯಕ್ಕೆ ಎಳೀಬೇಡಿ ಮಾರಾಯ್ರೆ, 2008 ಮರೆತು ಹೋಯ್ತಾ ನಿಮಗೆ?" ಅಂದರು. ನಮ್ಮದೇ ಸಂಘಟನೆಯ ತಮ್ಮನೊಬ್ಬ, "ಅಣ್ಣಾ, ಪಾದ್ರಿಗಳನ್ನು ಪಕ್ಕದಲ್ಲಿ ಕೂರಿಸ್ಕೊಂಡ್ರೆ ನಾಳೆ ನಮ್ಮ ಭೂಮಿ ಹೋರಾಟಕ್ಕೇ ಮತಾಂತರದ ಹಣೆಪಟ್ಟಿ ಹಚ್ತಾರೆ" ಅಂದ. ಇಬ್ಬರೂ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಇಬ್ಬರೂ ಒಂದು ವಿಷಯವನ್ನು ಕೇಳದೇ ಒಪ್ಪಿಕೊಂಡಿದ್ದಾರೆ: ಚರ್ಚು ಇಲ್ಲಿಯವರೆಗೆ ರಾಜಕೀಯದ ಹೊರಗಿತ್ತು, ಈಗ ಒಳಗೆ ಬರಬೇಕೋ ಬೇಡವೋ ಅಂತ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಟ್ಟಿಗಂತೂ ಅದು ಚರಿತ್ರೆ ಅಲ್ಲ. ಸ್ವಲ್ಪ ಹಿಂದೆ ಹೋಗಿ ಕಾಂಬ.

ನಮ್ಮ ಬಸ್ರೂರು ಆ ಕಾಲದ ದೊಡ್ಡ ಬಂದರು. ಪೋರ್ಚುಗೀಸರಿಗೆ ಅದು ಬಾರ್ಸೆಲೋರ್. ಗೋವೆಯ ಹೊಟ್ಟೆ ತುಂಬಿಸಲು ಅವರಿಗೆ ನಮ್ಮ ಕರಾವಳಿಯ ಅಕ್ಕಿ ಬೇಕಿತ್ತು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದೆ ಅತಾಯ್ದೆ ಬಂದು ಇಲ್ಲಿನ ಕೋಟೆ ಹಿಡಿದ. ಕುಂದಾಪುರದ ರೋಜರಿ ಇಗರ್ಜಿ ಸ್ಥಾಪನೆಯಾದ ವರ್ಷ 1570. ಒಂದು ವರ್ಷದ ಅಂತರ. ಅಂದರೆ ಶಿಲುಬೆ ಈ ನೆಲಕ್ಕೆ ಇಳಿದದ್ದು ಕೋಟೆ ಮತ್ತು ಅಕ್ಕಿಮುಡಿಯ ಜೊತೆಯಲ್ಲಿ. ಇದನ್ನು ನಾನು ಬೈಯಲು ಹೇಳುತ್ತಿಲ್ಲ, ದೇವಸ್ಥಾನಗಳೂ ಬಸದಿಗಳೂ ಅರಸರ ಉಂಬಳಿಯಲ್ಲೇ ಎದ್ದವು. ಆದರೆ ಆ ಅಕ್ಕಿ ಬೆಳೆದ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ಯಾರು? ಅವರ ಹೆಸರು ಕೋಟೆಯ ಕಡತದಲ್ಲೂ ಇಲ್ಲ, ಇಗರ್ಜಿಯ ದಾಖಲೆಯಲ್ಲೂ ಇಲ್ಲ. 1801ರಲ್ಲಿ ಕಂಪೆನಿ ಸರಕಾರದ ಡಾಕ್ಟರ್ ಬುಕಾನನ್ ಈ ದಾರಿಯಲ್ಲಿ ಹೋಗುವಾಗ ಬರೆದುಕೊಂಡದ್ದರಲ್ಲಿ ಅವರು ಕಾಣಸಿಗುತ್ತಾರೆ, ಗುಲಾಮರು ಅಂತ. ಮೂಲದಾಳು ಅಂತ ನಮ್ಮ ಅಜ್ಜಂದಿರನ್ನು ಕರೆಯುತ್ತಿದ್ದ ಹೆಸರಿನ ಅರ್ಥ ಅದೇ. ಒಡೆಯರ ಮನೆಯ ಸೊತ್ತು.

ಪೋರ್ಚುಗಲ್ ದೊರೆಗೆ ಪೋಪರು ಒಂದು ಹಕ್ಕು ಕೊಟ್ಟಿದ್ದರು. ಪೂರ್ವ ದೇಶಗಳಲ್ಲಿ ಬಿಷಪರನ್ನು ಹೆಸರಿಸುವುದು ಅವನು, ಇಗರ್ಜಿಯ ಖರ್ಚು ನೋಡಿಕೊಳ್ಳುವುದೂ ಅವನೇ. ಇದಕ್ಕೆ ಪದ್ರುವಾದೊ ಅಂತ ಹೆಸರು. ಆಮೇಲೆ ರೋಮಿನವರಿಗೆ ಈ ಏರ್ಪಾಡು ಸಾಕಾಗಿ, ಪ್ರೊಪಗಾಂಡಾ ಅನ್ನುವ ತಮ್ಮದೇ ಇಲಾಖೆಯ ಮೂಲಕ ನೇರವಾಗಿ ಜನರನ್ನು ಕಳಿಸತೊಡಗಿದರು. ಜಗಳ ಶುರು. 1681ರಿಂದ 1684ರವರೆಗೆ ಕೆನರಾದಲ್ಲಿ ಓಡಾಡಿದ, 2015ರಲ್ಲಿ ಸಂತ ಪದವಿ ಪಡೆದ ಜೋಸೆಫ್ ವಾಜ್ ಅವರು ಕೂಡ ಈ ಜಗಳದ ನಡುವೆಯೇ ಸಿಕ್ಕಿಬಿದ್ದವರು. ಗೋವೆ ಕಳಿಸಿದ ವಿಕಾರ್ ಒಬ್ಬರು, ರೋಮು ನೇಮಿಸಿದ ಬಿಷಪ್ ಥಾಮಸ್ ದೆ ಕ್ಯಾಸ್ತ್ರೊ ಇನ್ನೊಬ್ಬರು. ಯಾರ ಮಾತು ನಡೆಯಬೇಕು ಅಂತ. ಸಂತರಾಗುವವರಿಗೂ ರಾಜಕೀಯ ತಪ್ಪಲಿಲ್ಲ.

ಇದೇ ಜಗಳದ ಕೊನೆಯ ಅಂಕ ನಡೆದದ್ದು ಬ್ರಹ್ಮಾವರದಲ್ಲಿ. ಅಲ್ಲಿನ ಸಂತ ಮೇರಿ ಸಿರಿಯನ್ ಆರ್ಥೊಡಾಕ್ಸ್ ಇಗರ್ಜಿಯ ಎದುರು ಬಸ್ಸು ಹತ್ತಿ ಇಳಿಯುವವರಿಗೆ, ಕೊಂಕಣಿ ಮಾತಾಡುವ ಈ ಜನ ಮಲಂಕರ ಸಭೆಗೆ ಸೇರಿದ್ದು ಹೇಗೆ ಅಂತ ಗೊತ್ತಿರುವುದಿಲ್ಲ. ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

1886ರಲ್ಲಿ ಪೋಪ್ ಹದಿಮೂರನೇ ಲಿಯೊ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು. ನಮ್ಮ ಕಡೆಯ ಪದ್ರುವಾದೊ ಇಗರ್ಜಿಗಳು ಗೋವೆಯ ಕೈ ಬಿಟ್ಟು ಮಂಗಳೂರಿನ ಕೈಗೆ ಹೋಗಬೇಕು ಅಂತ ತೀರ್ಮಾನ. ಮಂಗಳೂರಿನಲ್ಲಿ ಆಗ ಯುರೋಪಿನಿಂದ ಬಂದ ಜೆಸ್ವಿತರ ಆಡಳಿತ. ಗೋವೆಯ ಸ್ವದೇಶಿ ಪಾದ್ರಿಗಳಿಗೂ, ಅವರನ್ನು ನಂಬಿದ ಇಲ್ಲಿನ ಕುಟುಂಬಗಳಿಗೂ ಇದು ಸಹಿಸಲಾಗಲಿಲ್ಲ. ಆ ವಿರೋಧದ ಮುಂದಾಳು ಗೋವೆಯ ವೆರ್ಣಾದಲ್ಲಿ ಹುಟ್ಟಿದ ಪಾದ್ರಿ, ಪತ್ರಕರ್ತ ಆಂತೋನಿಯೊ ಫ್ರಾನ್ಸಿಸ್ಕೊ ಷಾವಿಯೆರ್ ಆಲ್ವಾರಿಸ್. ರೋಮ್ ಬಿಟ್ಟು ಹೊರನಡೆದರು. 1889ರ ಜುಲೈ 29ರಂದು ಕೋಟ್ಟಯಂನ ಹಳೆ ಸೆಮಿನಾರಿಯಲ್ಲಿ ಮಲಂಕರದ ಮೆಟ್ರೊಪಾಲಿಟನರು ಅವರಿಗೆ ಬಿಷಪ್ ಪಟ್ಟ ಕಟ್ಟಿದರು, ಮಾರ್ ಜೂಲಿಯಸ್ ಅನ್ನುವ ಹೆಸರಿನಲ್ಲಿ. ಪೂಜೆಯ ಕ್ರಮ ಲ್ಯಾಟಿನ್ನಿನದೇ ಇರಲಿ ಅಂತ ಅಂತಿಯೋಕ್ಯದ ಪಿತೃಪ್ರಧಾನರೂ ಒಪ್ಪಿದರು. ಬ್ರಹ್ಮಾವರದಲ್ಲಿ ಅವರ ಬಲಗೈಯಾಗಿ ನಿಂತವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. 1936ರಲ್ಲಿ ತೀರಿಹೋಗುವವರೆಗೂ ಆ ಸಣ್ಣ ಸಭೆಯನ್ನು ಹಿಡಿದು ನಿಲ್ಲಿಸಿದವರು ಅವರು.

ಇದನ್ನು ಓದುವಾಗ ನನಗೆ ಎರಡು ಮನಸ್ಸು. ಬಿಳಿ ಪಾದ್ರಿಗಳ ದರ್ಬಾರಿಗೆ ಸೊಪ್ಪು ಹಾಕದೆ ಎದ್ದು ಹೋದರಲ್ಲಾ ಅಂತ ಒಂದು ಮೆಚ್ಚುಗೆ. ಆದರೆ ಗುರುವಿನ ಗುರು ಗೋವೆಯೋ ರೋಮೋ ಅಂತ ಇಷ್ಟೆಲ್ಲ ಗಲಾಟೆ ಆಗುವಾಗ, ಅದೇ ಬ್ರಹ್ಮಾವರ ಬಾರ್ಕೂರು ಬಯಲಿನಲ್ಲಿ ಗದ್ದೆ ಉಳುತ್ತಿದ್ದ ಹೊಲೆಯನಿಗೆ, ಬುಟ್ಟಿ ಹೆಣೆಯುತ್ತಿದ್ದ ಕೊರಗನಿಗೆ ಇದರಿಂದ ಎಂತ ಆಯ್ತು? ಎಂತದೂ ಇಲ್ಲ. ಎರಡೂ ಬಣದವರ ಗದ್ದೆಯ ಅಂಚಿನಲ್ಲಿ ನಾವು ದೂರವೇ ನಿಂತಿದ್ದೆವು. ಕೊಂಕಣಿ ಕ್ರೈಸ್ತರ ಒಳಗೆ ಬಾಮಣ್, ಚಾರೊಡಿ, ಸೂದಿರ್ ಅಂತ ಮನೆತನ ನೋಡಿ ಮದುವೆ ಮಾಡುವ ಲೆಕ್ಕಾಚಾರವೂ ಆ ಜಗಳದಲ್ಲಿ ಹೋಗಲಿಲ್ಲ.

ಆದರೆ ಆಲ್ವಾರಿಸರ ಕತೆ ಅಲ್ಲಿಗೆ ಮುಗಿಯುವುದಿಲ್ಲ, ಮುಂದಿನದ್ದೇ ನನಗೆ ಮುಖ್ಯ. ಪಣಜಿಗೆ ಹೋದ ಮೇಲೆ ಅವರು ಪತ್ರಿಕೆ ನಡೆಸಿ ಪೋರ್ಚುಗೀಸ್ ಸರಕಾರವನ್ನೇ ಟೀಕಿಸಿದರು. ಆ ಪತ್ರಿಕೆಯ ಹೆಸರು ಬ್ರಾದೊ ಇಂದಿಯಾನೊ, ಅಂದರೆ ಭಾರತೀಯರ ಕೂಗು. 1895ರಲ್ಲಿ ಸರಕಾರ ಅವರನ್ನು ಹಿಡಿಯಿತು. ಬಿಷಪರ ನಿಲುವಂಗಿ ಕಳಚಿಸಿ, ಒಳಬಟ್ಟೆಯಲ್ಲೇ ಪಣಜಿಯ ಬೀದಿಯಲ್ಲಿ ನಡೆಸಿಕೊಂಡು ಹೋದರು ಅಂತ ಅವರ ಚರಿತ್ರೆ ಹೇಳುವವರೆಲ್ಲ ಹೇಳುತ್ತಾರೆ. ಕಾಣಿ, ಯಾವ ಪೋರ್ಚುಗಲ್ ದೊರೆಯ ಹಕ್ಕು ಉಳಿಯಲಿ ಅಂತ ಈ ಮನುಷ್ಯ ರೋಮನ್ನೇ ಎದುರುಹಾಕಿಕೊಂಡರೋ, ಅದೇ ದೊರೆಯ ಪೊಲೀಸರು ಬಟ್ಟೆ ಬಿಚ್ಚಿಸಿದರು. ಆಮೇಲೆ ಅವರು ಕಾಲರಾ ಬಂದಾಗ ಏನು ಮಾಡಬೇಕು ಅಂತ ಪುಸ್ತಿಕೆ ಬರೆದರು, ಹಸಿವಿಗೆ ಮರಗೆಣಸು ಬೆಳೆಯಿರಿ ಅಂತ ಬರೆದರು, ರೋಗಿಗಳಿಗೆ ಬಡವರಿಗೆ ತಾವೇ ಬೇಡಿ ತಂದು ಕೊಟ್ಟರು. 1923ರ ಸೆಪ್ಟೆಂಬರ್ 23ರಂದು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹಿಂದೆ ಬಂದವರಲ್ಲಿ ಭಿಕ್ಷುಕರೇ ಹೆಚ್ಚು ಅಂತಾರೆ.

1889ರಲ್ಲಿ ಅವರು ಮಾತಾಡಿದ್ದು ತಮ್ಮ ಗುಂಪಿನ ಹಕ್ಕಿಗೆ. ಆಗ ಒಂದು ಹೊಸ ಸಭೆಯೇ ಎದ್ದು ನಿಂತಿತು. 1895ರಲ್ಲಿ ಮಾತಾಡಿದ್ದು ಹಸಿದವರ ಪರವಾಗಿ, ಅಧಿಕಾರದ ವಿರುದ್ಧ. ಆಗ ಬೀದಿಯಲ್ಲಿ ಒಬ್ಬರೇ.

ಬ್ರಹ್ಮಾವರದಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಬಾಸೆಲ್ ಮಿಷನ್ನಿನ ಕತೆ, ಅದು ನಿಮಗೆಲ್ಲ ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದರು, ಜಾತಿ ಬಿಡದಿದ್ದರೆ ದೀಕ್ಷೆ ಇಲ್ಲ ಅಂದರು, ಜಾತಿಯಿಂದ ಹೊರಬಿದ್ದವನಿಗೆ ಕಸುಬೂ ಒಕ್ಕಲೂ ಹೋಗುತ್ತದೆ ಅಂತ ತಿಳಿದು ಮಗ್ಗ ಹಾಕಿದರು, ಹಂಚಿನ ಕಾರ್ಖಾನೆ ಕಟ್ಟಿದರು. 1843ರ ಜುಲೈಯಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು. ಅದೇ 1843ರಲ್ಲಿ ಬ್ರಿಟಿಷ್ ಸರಕಾರದ 5ನೇ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂತ ಹೇಳಿತು. ಕಾಯ್ದೆ ಬಂತು, ಮೂಲದಾಳು ಮೂಲದಾಳಾಗಿಯೇ ಉಳಿದ. ಹೆಸರು ಬದಲಾಗಿ ಸಾಲದ ಆಳಾದ, ಅಷ್ಟೇ.

ಚರ್ಚಿನವರು ಬಾಯಿಬಿಟ್ಟು ನಮಗೆ ನಿಜವಾಗಿ ಏನಾದರೂ ಸಿಕ್ಕಿದ್ದು ಎಲ್ಲಿ ಅಂತ ಹುಡುಕಿದರೆ ಸಿಗುವುದು ಚೆಂಗಲ್ಪಟ್ಟು. ಆಗ ನಮ್ಮ ಜಿಲ್ಲೆಯೂ ಅದೂ ಒಂದೇ ಮದ್ರಾಸ್ ಪ್ರೆಸಿಡೆನ್ಸಿ. ಫ್ರೀ ಚರ್ಚ್ ಆಫ್ ಸ್ಕಾಟ್ಲೆಂಡಿನ ಆಡಂ ಆಂಡ್ರ್ಯೂ, ವೆಸ್ಲಿಯನ್ ಮಿಷನ್ನಿನ ವಿಲಿಯಂ ಗೌಡಿ ಮುಂತಾದವರು ಪರೆಯರಿಗೆ ಮನೆ ಕಟ್ಟಿದ ನೆಲವೂ ಸ್ವಂತದ್ದಲ್ಲ, ಕೂಲಿ ಜಾಸ್ತಿ ಕೇಳಿದರೆ ಗುಡಿಸಲೇ ಕೀಳಿಸುತ್ತಾರೆ ಅಂತ ಸರಕಾರದ ಬೆನ್ನು ಹತ್ತಿದರು. 1891ರಲ್ಲಿ ಕಲೆಕ್ಟರ್ ಟ್ರೆಮೆನ್‌ಹೀರ್ ವರದಿ ಬರೆದ, 1892ರಲ್ಲಿ ಸರಕಾರ ಆದೇಶ ಮಾಡಿತು. ತಮಿಳುನಾಡಿನ ದಲಿತರು ಇವತ್ತು ಪಂಚಮಿ ನಿಲಂ ಅಂತ ಹೋರಾಡುವ ಭೂಮಿಯ ಬೇರು ಅಲ್ಲಿದೆ. ಜಮೀನುದಾರರು ಸುಮ್ಮನಿರಲಿಲ್ಲ. ಪಾದ್ರಿಗಳು ಕೂಲಿಯಾಳುಗಳನ್ನು ಎತ್ತಿಕಟ್ಟುತ್ತಿದ್ದಾರೆ, ಮತಾಂತರಕ್ಕೆ ದಾರಿ ಮಾಡುತ್ತಿದ್ದಾರೆ ಅಂತ ದೂರಿದರು. ನಮ್ಮ ತಮ್ಮನಿಗೆ ಈಗ ಇರುವ ಹೆದರಿಕೆ 130 ವರ್ಷ ಹಳೆಯದು, ಅದನ್ನು ಹುಟ್ಟಿಸಿದ್ದು ಭೂಮಿ ಬಿಟ್ಟುಕೊಡಲು ಒಲ್ಲದವರು.

ನಮ್ಮ ಡಿಸಿ ಮನ್ನಾ ಕೂಡ ಅದೇ ಮದ್ರಾಸ್ ಆಡಳಿತದ ಕಾಲದ್ದು. ಹೊಸಬರಿಗೆ ಹೇಳುತ್ತೇನೆ, ಇಲ್ಲಿ ಡಿಸಿ ಅಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ನಮಗೆ ಅಂತ ಕಾದಿರಿಸಿದ ಭೂಮಿ. 1974ರ ಭೂಸುಧಾರಣೆಯಲ್ಲಿ ಗೇಣಿ ಚೀಟಿ ಇದ್ದವನಿಗೆ ಗದ್ದೆ ಸಿಕ್ಕಿತು, ಗೇಣಿದಾರನ ಕೈಕೆಳಗೆ ದುಡಿದವನಿಗೆ ಚೀಟಿಯೇ ಇರಲಿಲ್ಲ. ಹಾಗಾಗಿ ನಮಗೆ ಉಳಿದ ಕಾಗದದ ಹಕ್ಕು ಇದೊಂದೇ, ಅದರ ಮೇಲೂ ಬಲಾಢ್ಯರ ತೋಟ.

ಈಗ ಹತ್ತಿರದ ಚರಿತ್ರೆಗೆ ಬರುತ್ತೇನೆ. 2021ರ ಡಿಸೆಂಬರ್ ಕೊನೆಯ ಆ ಹತ್ತು ದಿನ.

ಡಿಸೆಂಬರ್ 23ಕ್ಕೆ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆ ಪಾಸು ಮಾಡಿತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿ ವಿರೋಧಿಸಿದರು, ಮೆರವಣಿಗೆ ಪ್ರಾರ್ಥನೆ ಎಲ್ಲ ನಡೆದವು. ಸರಿಯಾದ ಕೆಲಸ. ಆ ಮಸೂದೆಯ ಒಂದು ಸಾಲು ಮಾತ್ರ ನನ್ನ ಹೊಟ್ಟೆ ಉರಿಸಿದ್ದು ಇನ್ನೂ ಆರಿಲ್ಲ. ಸಾಮಾನ್ಯರನ್ನು ಮತಾಂತರ ಮಾಡಿದರೆ 3ರಿಂದ 5 ವರ್ಷ ಜೈಲು. ಅಪ್ರಾಪ್ತರು, ಬುದ್ಧಿಸ್ಥಿಮಿತ ಇಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು ಮಾಡಿದರೆ 3ರಿಂದ 10 ವರ್ಷ. ನಮ್ಮನ್ನು ಕೂರಿಸಿದ ಸಾಲು ಕಂಡ್ರಾ? 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜೊತೆ ಬುದ್ಧನ ಕಡೆ ನಡೆದದ್ದು ತಲೆ ಸರಿ ಇಲ್ಲದೆಯಾ? ಚರ್ಚಿನ ಪ್ರತಿಭಟನೆ ಶಾಲೆ, ಆಸ್ಪತ್ರೆ, 25ನೇ ವಿಧಿಯ ಬಗ್ಗೆ ಬೇಕಾದಷ್ಟು ಮಾತಾಡಿತು. ದಲಿತನಿಗೆ ಸ್ವಂತ ಬುದ್ಧಿ ಇದೆ ಅನ್ನುವುದನ್ನು ಅಷ್ಟೇ ಜೋರಾಗಿ ಹೇಳಬೇಕಿತ್ತು.

ನಾಲ್ಕು ದಿನ ಕಳೆದು 27ರ ರಾತ್ರಿ, ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಮದುವೆ ಮನೆಯ ಮೆಹಂದಿ. ಸೌಂಡ್ ಜೋರಾಯ್ತು ಅಂತ ದೂರು ಹೋಗಿ ಪೊಲೀಸರು ಬಂದು ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು. ಎಸ್‌ಐ ಅಮಾನತಾದರು, ಗೃಹಮಂತ್ರಿ ಬಂದು ಹೋದರು. ನಡುವೆ ಪೆಟ್ಟು ತಿಂದವರ ಮೇಲೆಯೇ ಪೊಲೀಸರ ಕೆಲಸಕ್ಕೆ ಅಡ್ಡಿ ಅಂತ ಕೇಸು ಬಿತ್ತು. ಯಾವ ಕೊರಗರು? ಯಾರ ಕೂದಲು ಉಗುರು ಅನ್ನದಲ್ಲಿ ಕಲಸಿ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ನೇ ಇಸವಿಯಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಬೇಕಾಯಿತೋ ಅವರು. ಡೋಲು ಹೊಡೆಯಲು ಬೇಕು, ಡಿಜೆ ಹಾಕಿದರೆ ಅಪರಾಧ.

ಅದೇ ದಿನಗಳಲ್ಲಿ ಉಡುಪಿಯಲ್ಲಿ ಹಿಜಾಬ್ ವಿವಾದ ಶುರುವಾಯಿತು. ಫೆಬ್ರವರಿ ಮೊದಲ ವಾರ ಕುಂದಾಪುರದ ಸರಕಾರಿ ಪಿಯು ಕಾಲೇಜಿನ ಗೇಟಿನ ಹೊರಗೆ ಹುಡುಗಿಯರು ನಿಂತ ಫೋಟೊವನ್ನು ಇಡೀ ಜಗತ್ತು ನೋಡಿತು.

ಚರ್ಚಿಗೆ ಹೋಗುವ ಗೆಳೆಯರಿಗೆ ನನ್ನ ಒಂದೇ ಪ್ರಶ್ನೆ. ಆ ಎರಡು ತಿಂಗಳ ಭಾನುವಾರಗಳಲ್ಲಿ ನೀವು ಕೇಳಿದ ಪ್ರವಚನದಲ್ಲಿ ಮಸೂದೆಯ ಮಾತು ಎಷ್ಟು ಸಲ ಬಂತು, ಕೋಟತಟ್ಟಿನ ಮಾತು ಎಷ್ಟು ಸಲ, ಗೇಟಿನ ಹೊರಗಿನ ಮಕ್ಕಳ ಮಾತು ಎಷ್ಟು ಸಲ? ನಾನು ಕೇಳಿದವರು ಕೊಟ್ಟ ಉತ್ತರ ಇಲ್ಲಿ ಬರೆಯುವುದಿಲ್ಲ. ನೀವೇ ನೆನಪು ಮಾಡಿಕೊಳ್ಳಿ.

2008ರ ಮಾತಿಗೆ ಬರೋಣ, ಅದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಆರಾಧನಾ ಮಠಕ್ಕೆ ನುಗ್ಗಿದರು, ನಮ್ಮ ಜಿಲ್ಲೆಯ ಪ್ರಾರ್ಥನಾ ಮಂದಿರಗಳನ್ನೂ ಬಿಡಲಿಲ್ಲ. ಪ್ರತಿಭಟಿಸಿದ ಜನರಿಗೇ ಪೊಲೀಸರ ಲಾಠಿ ಬಿತ್ತು. ಬಾಗಿಲು ಒಡೆಸಿಕೊಂಡವರಿಗೆ "ಯಾಕೆ ಮಾತಾಡಲ್ಲ" ಅಂತ ಹೊರಗಿನವನು ಕೇಳುವುದು ಸುಲಭ. ಸ್ಟ್ಯಾನ್ ಸ್ವಾಮಿಯವರಿಗೆ ಏನಾಯಿತು ಅಂತಲೂ ಕಂಡಿದ್ದೇವೆ. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ದುಡಿದ ಜೆಸ್ವಿತ್, ಆದಿವಾಸಿಗಳ ಪರ ನಿಂತದ್ದಕ್ಕೆ 83ನೇ ವಯಸ್ಸಿನಲ್ಲಿ ಬಂಧನ, 2021ರ ಜುಲೈ 5ರಂದು ಜಾಮೀನು ಸಿಗದೇ ಸಾವು. ಮಂಗಳೂರಿನ ಸಂತ ಅಲೋಶಿಯಸ್‌ನವರು ಒಂದು ಉದ್ಯಾನಕ್ಕೆ ಅವರ ಹೆಸರಿಡಲು ಹೊರಟಾಗಲೂ ಗಲಾಟೆ.

ಹೆದರಿಕೆ ನಿಜ. ಆದರೆ ಹೆದರಿಕೆಯಿಂದ ಚರ್ಚು ಮೌನವಾಗಿದೆ ಅನ್ನುವುದು ಪೂರ್ತಿ ನಿಜ ಅಲ್ಲ. ತನ್ನವರ ಭೂಮಿ, ತನ್ನ ಸಂಸ್ಥೆ ಅಂದಾಗ ಅದು ಮಾತಾಡುತ್ತದೆ. ಬೈಂದೂರಿನ ಜಡ್ಕಲ್, ಮುದೂರು ಕಡೆ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬಗಳು ಬಹಳ ಇವೆ. ಕಸ್ತೂರಿರಂಗನ್ ವರದಿ ಬಂದಾಗ ಆ ಊರುಗಳಲ್ಲಿ ಆತಂಕ ಎದ್ದದ್ದು ಸಹಜ, ಅವರದ್ದೂ ಬೆವರಿನ ನೆಲ. ಅತ್ತ ಇಡುಕ್ಕಿಯಲ್ಲಿ ಬಿಷಪರೇ ಮುಂದೆ ನಿಂತರು, 2014ರ ಲೋಕಸಭಾ ಚುನಾವಣೆಯ ಲೆಕ್ಕವೇ ಬದಲಾಯಿತು. ಹಾಗೆಯೇ 2025ರಲ್ಲಿ ಮುನಂಬಂ ಕುಟುಂಬಗಳ ಹೆಸರಿನಲ್ಲಿ ಕೇರಳದ ಬಿಷಪರ ಮಂಡಳಿ ವಕ್ಫ್ ತಿದ್ದುಪಡಿಗೆ ಮತ ಹಾಕಿ ಅಂತ ಸಂಸದರನ್ನು ಕೇಳಿತು. ಮಸೂದೆ ಪಾಸಾಗಿ ಎರಡು ದಿನ ಕಳೆಯುವುದರೊಳಗೆ ಆರೆಸ್ಸೆಸ್ಸಿಗೆ ಹತ್ತಿರದ ಆರ್ಗನೈಸರ್ ಪತ್ರಿಕೆಯಲ್ಲಿ ಕೆಥೋಲಿಕ್ ಚರ್ಚಿನ ಆಸ್ತಿ ಎಷ್ಟು ಅಂತ ಲೇಖನ. 2021ರಲ್ಲಿ ಪಾಲಾದ ಬಿಷಪರು 'ನಾರ್ಕೋಟಿಕ್ ಜಿಹಾದ್' ಅಂದದ್ದೂ ರಾಜಕೀಯದ ಮಾತೇ. ಅಂಥ ಮಾತಿಗಿಂತ ಮೌನವೇ ಲೇಸು, ಅದನ್ನೂ ಹೇಳಿಬಿಡುತ್ತೇನೆ. ಹಾಗಾಗಿ "ಚರ್ಚು ಮಾತಾಡಲಿ" ಅಂತ ಕಣ್ಣುಮುಚ್ಚಿ ಕೂಗುವ ಗುಂಪಿನಲ್ಲಿ ನಾನಿಲ್ಲ.

ಬಾಬಾಸಾಹೇಬರು ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬರೆದ ಪ್ರಬಂಧವನ್ನು ನಮ್ಮಲ್ಲಿ ಕಡಿಮೆ ಜನ ಓದುತ್ತಾರೆ, ಕ್ರೈಸ್ತ ಗೆಳೆಯರಂತೂ ಓದುವುದೇ ಇಲ್ಲ. ಮಿಷನರಿಗಳ ಶಾಲೆ ಆಸ್ಪತ್ರೆಗಳನ್ನು ಅವರು ಧಾರಾಳವಾಗಿ ಮೆಚ್ಚುತ್ತಾರೆ. ಆಮೇಲೆ ಕೇಳುವುದು ಇಷ್ಟು: ಭಾರತದ ಕ್ರೈಸ್ತರು ಒಂದು ಸಮುದಾಯವಾಗಿ ಸಾಮಾಜಿಕ ಅನ್ಯಾಯದ ವಿರುದ್ಧ ಎದ್ದು ನಿಂತದ್ದು ಯಾವಾಗ? ಅಸ್ಪೃಶ್ಯನಾಗಿ ಒಳಗೆ ಹೋದವನಿಗೆ ಅಲ್ಲಿ ಜಾತಿ ಹೋಯಿತಾ? ಅಸ್ಪೃಶ್ಯತೆ ನಮ್ಮೊಳಗೂ ಇದೆ ಅಂತ ಭಾರತದ ಕೆಥೋಲಿಕ್ ಬಿಷಪರ ಮಂಡಳಿ ತನ್ನದೇ ದಲಿತ ನೀತಿಯ ದಾಖಲೆಯಲ್ಲಿ ಬರೆದದ್ದು 2016ರಲ್ಲಿ. ಒಪ್ಪಿಕೊಂಡದ್ದು ದೊಡ್ಡ ವಿಷಯ, ಬಹಳ ಮಠಗಳಿಗೆ ಆ ಧೈರ್ಯ ಇಲ್ಲ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಚರ್ಚಿಗೆ ಹೋದ ದಲಿತನ ಎಸ್‌ಸಿ ಸ್ಥಾನ ಹೋಗುತ್ತದೆ. ಸಿಖ್ಖರಾದವರಿಗೆ 1956ರಲ್ಲಿ, ಬೌದ್ಧರಾದವರಿಗೆ 1990ರಲ್ಲಿ ಸಿಕ್ಕಿತು, ಕ್ರೈಸ್ತ ಮುಸ್ಲಿಂ ದಲಿತರಿಗೆ ಇವತ್ತಿಗೂ ಇಲ್ಲ. ಪ್ರತಿ ಆಗಸ್ಟ್ 10ಕ್ಕೆ ದಲಿತ ಕ್ರೈಸ್ತರು ಕಪ್ಪು ದಿನ ಆಚರಿಸುತ್ತಾರೆ. ಮೀಸಲಾತಿ ಹಂಚಿಹೋಗುತ್ತದೆ ಅಂತ ನಮ್ಮವರಲ್ಲೇ ಅದಕ್ಕೆ ವಿರೋಧ ಇದೆ, ಅದು ಬೇರೆಯೇ ಚರ್ಚೆ. ನಾನು ಕೇಳುವುದು, ಆ ದಿನ ನಮ್ಮ ತಾಲೂಕುಗಳ ದೊಡ್ಡ ಇಗರ್ಜಿಗಳ ಮುಂದೆ ಎಷ್ಟು ಕಪ್ಪು ಬಾವುಟ ಕಂಡಿದ್ದೀರಿ?

ಚರ್ಚಿನ ಹೊರಗಿನ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು, ಬ್ರಹ್ಮಸಮಾಜದವರು. 1892ರಲ್ಲಿ ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು, ತಮ್ಮವರಿಂದಲೇ ಬಹಿಷ್ಕಾರ ತಿಂದರು. ತನ್ನ ಜಾತಿಯ ಲಾಭಕ್ಕಲ್ಲದ, ತನ್ನ ಜಾತಿಯೇ ಮುನಿಯುವ ಮಾತು. ಧರ್ಮದ ಹೆಸರಿನಲ್ಲಿ ರಾಜಕೀಯ ಮಾತಾಡುವವರನ್ನು ನಾನು ಅಳೆಯುವುದು ಆ ಕೋಲಿನಲ್ಲಿ.

ಡಿಸಿ ಮನ್ನಾ ಧರಣಿಗೆ ಚರ್ಚಿನವರನ್ನು ಕರೆಯಬೇಕೋ ಬೇಡವೋ ಅಂತ ನಮ್ಮ ಸಮಿತಿಯಲ್ಲಿ ಇನ್ನೂ ಒಮ್ಮತ ಆಗಿಲ್ಲ. ಕರೆಯಬೇಕು ಅಂತ ನನ್ನ ಮತ. ವೇದಿಕೆಗೆ ಬೇಡ, ಎದುರಿನ ಚಾಪೆಗೆ. ಪತ್ರದ ಕರಡು ಮಾಡಿದ್ದೇನೆ. ಮೂರು ತಾಲೂಕಿನ ಕೆಥೋಲಿಕ್, ಸಿಎಸ್‌ಐ, ಆರ್ಥೊಡಾಕ್ಸ್ ಎಲ್ಲರಿಗೂ ಒಂದೇ ಪತ್ರ. ನಿಮ್ಮ ಸಂಸ್ಥೆಗಳ ಸ್ವಾಧೀನದಲ್ಲಿ ಡಿಸಿ ಮನ್ನಾ ಜಾಗ ಒಂದು ಸೆಂಟ್ಸ್ ಇದ್ದರೂ ಸರ್ವೆ ನಂಬರ್ ಸಮೇತ ಮೊದಲು ಹೇಳಿ. ಕೊರಗ ಕಾಲೊನಿಗಳ ಹಕ್ಕುಪತ್ರದ ಬೇಡಿಕೆಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ತಹಶೀಲ್ದಾರರಿಗೆ ಬರೆಯಿರಿ. ಧರಣಿಯ ಹಿಂದಿನ ಭಾನುವಾರ ಪೂಜೆ ಮುಗಿದ ಮೇಲೆ ಪ್ರಕಟಣೆ ಓದುವಾಗ ಈ ವಿಷಯವನ್ನೂ ಒಂದು ನಿಮಿಷ ಓದಿ. ಇಷ್ಟೇ ಕೇಳಿರುವುದು.

ಕರಡು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ತಿದ್ದುಪಡಿ ಹೇಳಿ. ಕೊಂಕಣಿಗೆ ಮಾಡಿಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ಬೇಗ ತಿಳಿಸಿ, ಕನ್ನಡ ಲಿಪಿಯಲ್ಲೇ ಬೇಕು.